ಎರಡು ಲೀಟರ್ ಚಿಮಣಿ ಎಣ್ಣಿ

ತೀನ್ ಕಂದೀಲಿನ ಈ ಹೋಟೆಲಿನ್ಯಾಗ
ಗಿರಿಯಪ್ಪ ಮಾಸ್ತರು ದಿನಾ ಸಾಯ್ತಾರ.
ಮುಂಜಾನಿ ಮಂಡಾಳ ಒಗ್ಗರಣಿ ಜೋಡಿ ಒಮ್ಮೆ,
ಸಂಜಿಗೆ ಮಿರ್ಚಿ ಜೋಡಿ ಇನ್ನೊಮ್ಮೆ.
ಬಸಿ ಅಂದ್ರ ವೇದಿಕಿ.
ಕಡ್ಡಿಪೆಟ್ಟಿಗಿ ಪೊಲೀಸ್ ಜೀಪು.
ಉಪ್ಪಿನ ಡಬ್ಬಿ ಹತ್ತಿ ಮಿಲ್ಲಿನ ಗ್ವಾಡಿ.
ಒಂದು ಶೇಂಗಾಕಾಳು, ಅದು ಮಾಸ್ತರು.

ಗುಂಡು ಬಂದದ್ದು ಇತ್ಲಾಗಿಂದ,
ಅಂತಾನ ಕಟಿಂಗ್ ಶಾಪಿನ ಅಂಬಣ್ಣ, ಚಮಚ ತಿರುವಿ.
ಹಂಗಿದ್ರ ಚಾಳೀಸಿನ ಎಡಗಾಜು ಯಾಕ ಒಡೀತು?
ಕಂಪೌಂಡರ್ ಖಾಜಾಸಾಬ್ ಕೇಳ್ತಾನ,
ಮೂವತ್ತೆಂಟು ವರ್ಷದಿಂದ ಅದೇ ಪ್ರಶ್ನಿ.
ಗುಂಡು ಎರಡು, ತೂತು ಮೂರು.
ಅಂಗಿ ಕೋರ್ಟಿನ ಗೋದಾಮಿನ್ಯಾಗ ಇಲಿ ತಿಂತಂತ.
ಇಲೀನೂ ಅವರ ಪಾರ್ಟಿದ ಇರಬೇಕು, ಅಂದ ಒಬ್ಬ.
ಯಾರೂ ನಗಲಿಲ್ಲ.

ಮಿಲ್ಲಿನ ಸಾವ್ಕಾರ್ರು ರೊಕ್ಕ ಕೊಟ್ರು.
ಇಲ್ಲ, ಸ್ವಂತ ಪಾರ್ಟಿಯವರು, ಟಿಕೇಟಿನ ಜಗಳ.
ಇಲ್ಲ, ಮಾಸ್ತರು ಸತ್ತೇ ಇಲ್ಲ,
ಕರ್ನೂಲ್ ಬಸ್‌ಸ್ಟ್ಯಾಂಡಿನ್ಯಾಗ ಗಡ್ಡ ಬಿಟ್ಟು
ಬಾಳಿಹಣ್ಣು ತಿನ್ನಾಕತ್ತಿದ್ರು,
ನನ್ನ ಷಡ್ಡಕ ಕಣ್ಣಾರೆ ಕಂಡಾನ.

ಹೊಡೆದವ, ಸಿಕ್ಕುಬಿದ್ದವ, ಜೈಲಿನ್ಯಾಗ ಕೆಮ್ಮಿ ಸತ್ತವ,
ಅವನ ಹೆಸರು ಯಾರೂ ತಗಿಯಂಗಿಲ್ಲ.
ಅಷ್ಟು ಸಣ್ಣ ಮನಿಷ್ಯಾ ಅಷ್ಟು ದೊಡ್ಡವರ್ನ ಕೊಂದಾನಂದ್ರ
ಯಾರ ಹೊಟ್ಟಿಗೂ ಕೂಡಂಗಿಲ್ಲ.

ಜಗಳ ಎಲ್ಲೇ ಹೋಗ್ಲಿ, ಬಂದು ನಿಲ್ಲೂದು ಲೈಟಿಗೇ.
ಲೈಟು ತೆಗೆದವರು ಯಾರು?
ಹನ್ನೊಂದು ಸೆಕೆಂಡು ಅಂತಾರ ಕೆಲವರು,
ಐದು ನಿಮಿಷ ಅಂತಾರ ಮುದುಕರು.
ಬೆಂಗಳೂರಿಂದ ಫೋನ್ ಬಂತಂತ,
ಶಕ್ತಿನಗರದಾಗ ಯಾರೋ ಸ್ವಿಚ್ ಒತ್ತಿದ್ರಂತ.

ಫೋನೂ ಇಲ್ಲ, ಸ್ವಿಚ್ಚೂ ಇಲ್ರೀ.
ಕರೆಂಟು ಸಂಜಿ ಆರಕ್ಕೇ ಹೋಗಿತ್ತು, ದಿನದಂಗ.
ಉರೀತಿದ್ದದ್ದು ನನ್ನ ಜನರೇಟರು.
ಹುಸೇನಪ್ಪ ಸೌಂಡ್ ಸರ್ವಿಸ್:
ಎರಡು ಬೋಂಗಾ, ಒಂದು ಮೈಕು, ಆರು ಟ್ಯೂಬ್‌ಲೈಟು.
ಪಾರ್ಟಿ ಆಫೀಸಿನವರು ಕೊಟ್ಟದ್ದು
ಐದು ಲೀಟರ್ ಚಿಮಣಿ ಎಣ್ಣಿ.
ನಾ ಹಾಕಿದ್ದು ಮೂರು.
ಉಳಿದದ್ದು ಮಧ್ಯಾಹ್ನನ ಮಾರಿಬಿಟ್ಟಿದ್ದೆ.
ಮಗಳಿಗೆ ಏನೋ ಬೇಕಾಗಿತ್ತು, ನೆನಪಿಲ್ಲ.
ನೆನಪಿಲ್ಲಂದ್ರ ಸುಳ್ಳಾಗ್ತದ:
ಚಪ್ಲಿ. ಕೆಂಪು ಪಟ್ಟಿ, ಬಿಳಿ ಬಕ್ಕಲ್.

"ನಿಮ್ಮ ಬೆವರಿನ ತೂಕ" ಅಂದ್ರು ಮಾಸ್ತರು,
ಇಂಜಿನ್ ಕೆಮ್ಮಿತು.
ಬಾಜೂಕ ಇದ್ದ ಕಂದೀಲಿನ ಎಣ್ಣಿ ಸುರುವಿ
ಕತ್ತಲದಾಗ ಹಗ್ಗ ಎಳೆದೆ.
ನಾಕನೇ ಎಳೆತಕ್ಕ ಢಮ್ ಅಂತ ಸದ್ದಾತು.
ಇಂಜಿನ್ನೇ ಹೊಡೀತು ಅಂದ್ಕೊಂಡೆ.
ಖುಷಿನೂ ಆತು.
ಏಳನೇದಕ್ಕ ಲೈಟು ಬಂತು.

ಒಮ್ಮೆ ಹೇಳಿದೆ, ಇದೇ ಟೇಬಲ್ಲಿಗೆ ಕುಂತು,
ಮೂರು ಲೀಟರು, ಎರಡು ಲೀಟರು, ಎಲ್ಲಾ.
ಅಂಬಣ್ಣ ಚಮಚ ಕೆಳಗಿಟ್ಟ.
"ಎಷ್ಟು ಕೊಟ್ರಪಾ ನಿನಗ, ಹಿಂಗ ಹೇಳಾಕ?"
ಮೆತ್ತಗ ಕೇಳಿದ, ಸಿಟ್ಟಿಲ್ಲದಂಗ.
ಅವತ್ತು ನನ್ನ ಚಾದ ರೊಕ್ಕ ಅವನೇ ಕೊಟ್ಟ.

ಅಲ್ಲಿಂದ ನಿದ್ದಿ ಹತ್ತವಲ್ದು.
ಎಣ್ಣಿ ಒಯ್ದವ ಕಣ್ಣಾಗ ಬರ್ತಾನ.
ಬಿಳಿ ಕ್ಯಾನು. ಊರಿನವ ಅಲ್ಲ.
ಹತ್ತು ರೂಪಾಯಿ ಅಂದಿದ್ದೆ,
ಆರಕ್ಕ ಇಳಿಸ್ತಾನಂತ ತಯಾರಾಗಿ.
ಹತ್ತೂ ಎಣಿಸಿಕೊಟ್ಟ.
ಹೆಣದ ಬಟ್ಟಿಗೂ ಚೌಕಾಸಿ ಮಾಡೋ ಊರು ರೀ ಇದು!
"ಸಭಾ ಎಷ್ಟಕ್ಕ ಮುಗೀತದ?" ಅಂತನೂ ಕೇಳಿದ್ನೇನೋ.
ಕೇಳಿದ್ದ. ಕೇಳಿರಬೇಕು.

ಹೋಟೆಲಿನ ಹುಡುಗ ಬರ್ತಾನ,
ಮಾಸ್ತರ್ನ ಬಾಯಿಗೆ ಒಕ್ಕೊಂಡು
ಅರಿವಿ ತಗೊಂಡು ಟೇಬಲ್ ಒರಸಾಕ ಬಗ್ತಾನ.
ತಡಿ, ಅಂತೀನಿ.
ಸೋಡಾ ಬಾಟ್ಲಿ ಮುಚ್ಚಳ ಒಂದು ಕೊಡು ಇತ್ಲಾಗ.
ಈ ಮೂಲ್ಯಾಗ ಒಬ್ಬಾಂವ ನಿಂತಿದ್ದ.